ಇಂಜಿನಿಯರ್ ಶ್ರೀಧರನ್ನರೂ ಕೊಂಕಣದ ರೈಲುಹಾದಿಯೂ

ಯಗಟಿಯ ಕಡೆಯವರಿಗೆ ರೈಲೆಂದರೆ ಕಡೂರು. ಹಿಂದೆ ಎತ್ತಿನ ಗಾಡಿಯಲ್ಲಿ, ಈಚೆಗೆ ಬಸ್ಸಿನಲ್ಲಿ ಕಡೂರಿನ ಸ್ಟೇಷನ್ನಿಗೆ ಬಂದು, ಬೆಂಗಳೂರಿಗಾಗಲಿ ಹುಬ್ಬಳ್ಳಿಗಾಗಲಿ ಟಿಕೇಟು ಕೊಳ್ಳುವುದು ನಮ್ಮಲ್ಲಿ ಹಲವು ತಲೆಗಳಿಂದ ನಡೆದುಬಂದ ರೂಢಿ. ಬೆಂಗಳೂರಿನಿಂದ ಹರಿಹರದವರೆಗಿನ ಹಾದಿ ೧೮೮೯ರ ವೇಳೆಗೆ ಪೂರ್ತಿಯಾಯಿತು. ಹತ್ತು ವರ್ಷಗಳಾದ ಮೇಲೆ, ೧೮೯೯ರಲ್ಲಿ, ಬೀರೂರಿನಿಂದ ಕವಲೊಡೆದು ತರೀಕೆರೆಯ ಮೇಲೆ ಶಿವಮೊಗ್ಗೆಗೆ ಇನ್ನೊಂದು ಹಾದಿ ಹೋಯಿತು. ಹೀಗೆ ನಮ್ಮ ಅಜ್ಜಂದಿರ ಕಾಲಕ್ಕೇ ಬಂದುಬಿಟ್ಟ ವಸ್ತುವಾದುದರಿಂದ, ರೈಲುಹಾದಿಯೆಂಬುದು ಕೆರೆಕಟ್ಟೆಗಳಂತೆ, ಊರಮುಂದಣ ಆಲದ ಮರದಂತೆ, ಮೊದಲಿನಿಂದಲೂ ಇದ್ದದ್ದೆಂದು ನಾವು ಭಾವಿಸುತ್ತೇವೆ. ಅದನ್ನು ಒಬ್ಬರು ಅಳೆದರು, ಒಬ್ಬರು ಅಗೆದರು, ಒಬ್ಬರು ಅದರ ಹೊಣೆ ಹೊತ್ತರು ಎಂಬ ವಿಚಾರ ನಮ್ಮ ಮನಸ್ಸಿಗೆ ಬರುವುದು ಅಪೂರ್ವ.

ಆದರೆ ಇದೇ ಕಡೂರಿನಿಂದ ಪಡುವಣ ದಿಕ್ಕಿಗೆ ಹೊರಟು, ಬಾಬಾಬುಡನ್ ಗಿರಿಗಳನ್ನು ಬಳಸಿಕೊಂಡು, ಘಟ್ಟವನ್ನಿಳಿದು ಸಮುದ್ರತೀರಕ್ಕೆ ಹೋದವರಿಗೆ, ತೀರ ಈಚಿನವರೆಗೂ ಬೇರೊಂದು ಸ್ಥಿತಿ ಕಾಣುತ್ತಿತ್ತು. ಮಂಗಳೂರಿಗೆ ಮದ್ರಾಸಿನ ಕಡೆಯಿಂದ ರೈಲು ಬಂದದ್ದು ೧೯೦೭ರಲ್ಲಿ. ಅದು ಅಲ್ಲಿಯೇ ನಿಂತಿತು. ಅಲ್ಲಿಂದ ಬಡಗಲಾಗಿ ಉಡುಪಿ, ಕುಂದಾಪುರ, ಭಟ್ಕಳ, ಹೊನ್ನಾವರ, ಕುಮಟೆ, ಅಂಕೋಲೆ, ಕಾರವಾರಗಳ ಜನ ತಮ್ಮ ಊರಿನಲ್ಲಿ ರೈಲಿನ ಕೂಗನ್ನು ಕೇಳದೆ ಇನ್ನೂ ಸುಮಾರು ತೊಂಬತ್ತು ವರ್ಷ ಕಳೆದರು. ಹೊನ್ನಾವರದವನೊಬ್ಬ ರೈಲು ಹತ್ತಬೇಕಾದರೆ ಘಟ್ಟವನ್ನೇರಿ ೧೯೪೦ರಲ್ಲಿ ರೈಲು ಬಂದ ತಾಳಗುಪ್ಪಕ್ಕೆ ಬರಬೇಕು, ಇಲ್ಲವೇ ಹುಬ್ಬಳ್ಳಿಗೆ ಹೋಗಬೇಕು. ಬಯಲುಸೀಮೆಯ ಬಾಗಿಲಿಗೆ ಬಂದ ಸೌಕರ್ಯ ಕರಾವಳಿಗೆ ನೂರು ವರ್ಷ ತಡವಾಗಿ ಬಂತು. ಆ ತಡವನ್ನು ಕೊನೆಗಾಣಿಸಿದ ಕಾರ್ಯದ ಮುಂದಾಳಾಗಿ ನಿಂತವರು ಶ್ರೀ ಎಲಟ್ಟುವಳಪ್ಪಿಲ್ ಶ್ರೀಧರನ್ನರು. ಅವರು ಕನ್ನಡಿಗರಲ್ಲ, ಆದರೂ ಕನ್ನಡನಾಡಿನ ಒಂದು ದೊಡ್ಡ ಭಾಗ ಅವರಿಗೆ ಋಣಿಯಾಗಿದೆ. ಆ ಋಣ ಎಂಥದು, ಅದರೊಳಗೆ ಹೆಮ್ಮೆಪಡತಕ್ಕದ್ದೆಷ್ಟು, ವಿಚಾರಿಸತಕ್ಕದ್ದೆಷ್ಟು ಎಂಬುದನ್ನು ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

ಶ್ರೀಧರನ್ನರು ಜನಿಸಿದ್ದು ೧೯೩೨ನೆಯ ಇಸವಿ ಜೂನ್ ೧೨ರಂದು, ಈಗಿನ ಪಾಲಕ್ಕಾಡು ಜಿಲ್ಲೆಯ ಕರುಕಪುತ್ತೂರಿನಲ್ಲಿ. ಆಗ ಆ ಸೀಮೆ ಮದ್ರಾಸು ಪ್ರಾಂತಕ್ಕೆ ಸೇರಿತ್ತು. ನಮ್ಮ ದಕ್ಷಿಣ ಕನ್ನಡವೂ ಅದೇ ಪ್ರಾಂತದಲ್ಲಿತ್ತೆಂಬುದನ್ನು ಇಲ್ಲಿ ನೆನೆಯಬಹುದು. ಅವರು ಓದಿದ ಪ್ರೌಢಶಾಲೆ ಬಾಸೆಲ್ ಮಿಷನ್ನಿನವರದು. ೧೮೩೪ರಲ್ಲಿ ಮಂಗಳೂರಿಗೆ ಬಂದು ಕನ್ನಡಕ್ಕೆ ಮುದ್ರಣಾಲಯವನ್ನೂ ವೃತ್ತಪತ್ರಿಕೆಯನ್ನೂ ಕೊಟ್ಟ ಆ ಮಿಷನ್ನೇ. ಬಳಿಕ ಪಾಲಕ್ಕಾಡಿನ ವಿಕ್ಟೋರಿಯಾ ಕಾಲೇಜಿನಲ್ಲಿ ಓದಿ, ಕಾಕಿನಾಡದ ಸರ್ಕಾರಿ ಇಂಜಿನಿಯರಿಂಗ್ ಕಾಲೇಜಿನಲ್ಲಿ ಸಿವಿಲ್ ವಿಭಾಗದ ಪದವಿಯನ್ನು ಪಡೆದರು. ಮುಂದೆ ಚುನಾವಣಾ ಆಯೋಗದ ಮುಖ್ಯಸ್ಥರಾಗಿ ದೇಶಪ್ರಸಿದ್ಧರಾದ ಶ್ರೀ ಟಿ. ಎನ್. ಶೇಷನ್ನರು ಪಾಲಕ್ಕಾಡಿನಲ್ಲಿ ಅವರ ಸಹಪಾಠಿಗಳಾಗಿದ್ದರು. ಕೆಲವು ಕಾಲ ಕೋಳಿಕ್ಕೋಡಿನ ಪಾಲಿಟೆಕ್ನಿಕ್ಕಿನಲ್ಲಿ ಪಾಠ ಹೇಳಿ, ಕೆಲವು ಕಾಲ ಮುಂಬಯಿಯ ಬಂದರಿನಲ್ಲಿ ಉಮೇದುವಾರಿ ಮಾಡಿ, ೧೯೫೩ರ ಪರೀಕ್ಷೆಯಲ್ಲಿ ತೇರ್ಗಡೆಯಾಗಿ ರೈಲ್ವೆ ಇಂಜಿನಿಯರಿಂಗ್ ಸೇವೆಗೆ ಸೇರಿದರು. ದಕ್ಷಿಣ ರೈಲ್ವೆಯಲ್ಲಿ ಅವರ ವೃತ್ತಿಜೀವನ ಆರಂಭವಾಯಿತು.

ಅವರ ಹೆಸರನ್ನು ಇಲಾಖೆಯ ಹೊರಗೂ ತಿಳಿಯಪಡಿಸಿದ ಮೊದಲ ಸಂದರ್ಭ ೧೯೬೪ರ ಡಿಸೆಂಬರಿನದು. ಆ ತಿಂಗಳ ೨೨–೨೩ರ ರಾತ್ರಿ ರಾಮೇಶ್ವರದ ಕಡೆ ಬೀಸಿದ ಚಂಡಮಾರುತದಲ್ಲಿ ಧನುಷ್ಕೋಟಿಯ ಊರೇ ಹಾಳಾಯಿತು. ಅಲ್ಲಿಗೆ ಹೋಗುತ್ತಿದ್ದ ಪ್ಯಾಸೆಂಜರು ಗಾಡಿಯೊಂದು ಪ್ರಯಾಣಿಕರ ಸಮೇತ ಸಮುದ್ರದ ಪಾಲಾಯಿತು. ಭೂಮಿಗೂ ದ್ವೀಪಕ್ಕೂ ನಡುವೆ ೧೯೧೪ರಿಂದ ನಿಂತಿದ್ದ ಪಾಂಬನ್ ಸೇತುವೆಯ ೧೨೦ಕ್ಕೂ ಹೆಚ್ಚು ಗರ್ಡರುಗಳು ಕಂಬಗಳಿಂದ ಕಳಚಿ ನೀರಿಗೆ ಬಿದ್ದವು. ಸೇತುವೆಯನ್ನು ಸರಿಪಡಿಸಲು ರೈಲ್ವೆಯವರು ಆರು ತಿಂಗಳ ಅವಧಿಯನ್ನು ಹೇಳಿದರು. ದಕ್ಷಿಣ ರೈಲ್ವೆಯ ಮೇಲಧಿಕಾರಿಗಳು ಅದನ್ನು ಮೂರು ತಿಂಗಳಿಗೆ ಇಳಿಸಿದರು. ಕೆಲಸವನ್ನು ವಹಿಸಿಕೊಂಡ ಶ್ರೀಧರನ್ನರಿಗೆ ಆಗ ಮೂವತ್ತೆರಡು ವಯಸ್ಸು. ಅವರು ಅದನ್ನು ೪೬ ದಿನಗಳಲ್ಲಿ ಮುಗಿಸಿದರು.

ಈ ೪೬ ದಿನಗಳ ಸಂಗತಿಯನ್ನು ಸಾಮಾನ್ಯವಾಗಿ ಒಂದು ಪವಾಡವೆಂಬಂತೆ ಹೇಳುವುದುಂಟು. ಪವಾಡವೆಂದೊಡನೆ ಅದರಿಂದ ಕಲಿಯುವುದೇನೂ ಉಳಿಯುವುದಿಲ್ಲ. ನಡೆದದ್ದನ್ನು ವಿಚಾರಿಸಿದರೆ ತಿಳಿಯುವುದಿಷ್ಟು: ಹೊಸ ಗರ್ಡರುಗಳನ್ನು ದೇಶದ ದೂರದೂರದ ಮೂಲೆಗಳಿಂದ ತರಿಸಬೇಕೆಂಬುದು ಮೊದಲಿನ ಆಲೋಚನೆ. ತಿಂಗಳುಗಳು ಹಿಡಿಯುತ್ತಿದ್ದುದು ಆ ಸಾಗಣೆಗೆ. ಹೀಗಿರಲು, ಬಿದ್ದ ಗರ್ಡರುಗಳು ಸಮುದ್ರದ ತಳದಲ್ಲಿ ಇರುವ ಸಂಗತಿ ಅಲ್ಲಿನ ಬೆಸ್ತರಿಂದ ತಿಳಿದುಬಂತು. ತರುಣ ಇಂಜಿನಿಯರರು ಬೆಸ್ತರ ಮಾತನ್ನು ಅಲಕ್ಷ್ಯ ಮಾಡಲಿಲ್ಲ. ಗರ್ಡರುಗಳನ್ನು ನೀರಿನಿಂದ ಮೇಲೆತ್ತಿ, ಮತ್ತೆ ಕಂಬಗಳ ಮೇಲೆ ಕೂರಿಸಲು ಬೇಕಾದ ಸಲಕರಣೆಯನ್ನು ಅಣಿಮಾಡಿಸಿದರು. ಮೊದಮೊದಲು ನಿಧಾನವಾಗಿದ್ದ ಕೆಲಸ, ಕೈ ಕುದುರಿದಂತೆ ವೇಗವನ್ನು ಪಡೆಯಿತು. ಅವಸರದಿಂದ ಉಳಿದ ದಿನಗಳು ಇವಲ್ಲ. ವಸ್ತು ಎಲ್ಲಿದೆಯೆಂದು ಸ್ಥಳದಲ್ಲಿ ನಿಂತು ವಿಚಾರಿಸಿದುದರಿಂದ ಉಳಿದ ದಿನಗಳು. ಆ ಹಳೆಯ ಸೇತುವೆಗೆ ಬದಲಾಗಿ ಅದರ ಪಕ್ಕದಲ್ಲಿ ಕಟ್ಟಿದ ಹೊಸ ಸೇತುವೆ ೨೦೨೫ರ ಏಪ್ರಿಲಿನಲ್ಲಿ ಬಳಕೆಗೆ ಬಂತು.

ಮುಂದೆ ೧೯೭೦ರಲ್ಲಿ ಅವರಿಗೆ ಕಲಕತ್ತೆಯಲ್ಲಿ ಭಾರತದ ಮೊದಲನೆಯ ನೆಲದಡಿಯ ರೈಲಿನ ಯೋಜನೆಯ ಕೆಲಸ ಬಂತು. ಬಳಿಕ ಕೊಚ್ಚಿಯ ಹಡಗುಕಟ್ಟೆಯ ಮುಖ್ಯಸ್ಥರಾಗಿ, ಅಲ್ಲಿ ಕಟ್ಟಿದ ಮೊದಲನೆಯ ಹಡಗಾದ ‘ರಾಣಿ ಪದ್ಮಿನಿ’ಯನ್ನು ೧೯೮೧ರಲ್ಲಿ ನೀರಿಗಿಳಿಸಿದರು. ೧೯೮೯ರಲ್ಲಿ ರೈಲ್ವೆ ಮಂಡಳಿಯ ಇಂಜಿನಿಯರಿಂಗ್ ಸದಸ್ಯರಾಗಿ, ೧೯೯೦ರಲ್ಲಿ ಐವತ್ತೆಂಟನೆಯ ವಯಸ್ಸಿನಲ್ಲಿ ನಿವೃತ್ತರಾದರು. ಸಾಮಾನ್ಯ ಸರ್ಕಾರಿ ನೌಕರನ ಚರಿತ್ರೆ ಇಲ್ಲಿಗೆ ಮುಗಿಯತಕ್ಕದ್ದು. ಶ್ರೀಧರನ್ನರ ಚರಿತ್ರೆಯ ಮುಖ್ಯಭಾಗ ಇಲ್ಲಿಂದ ಮೊದಲಾಗುತ್ತದೆ.

ಕರಾವಳಿಗೆ ರೈಲು ಅಷ್ಟು ಕಾಲ ಬಾರದಿದ್ದುದಕ್ಕೆ ಕಾರಣ ಜನರ ಉದಾಸೀನವೊಂದೇ ಅಲ್ಲ, ನೆಲದ ಸ್ವಭಾವವೂ ಹೌದು. ಕಡೂರು ಸೀಮೆಯ ನೆಲ ಹೆಚ್ಚುಕಡಿಮೆ ಸಮವಾದುದು. ಕೆರೆಯ ಏರಿಯನ್ನು ಹಾಕಬಲ್ಲ ಒಡ್ಡರು ರೈಲಿನ ಏರಿಯನ್ನೂ ಹಾಕಬಲ್ಲರು. ಕರಾವಳಿಯಲ್ಲಿ ಸಹ್ಯಾದ್ರಿಯ ತೋಳುಗಳು ಅಲ್ಲಲ್ಲಿ ಸಮುದ್ರದವರೆಗೂ ಚಾಚಿಕೊಂಡಿವೆ. ಎರಡು ತೋಳುಗಳ ನಡುವೆ ಒಂದೊಂದು ಹೊಳೆ ಅಗಲವಾಗಿ ಹರಿದು ಸಮುದ್ರವನ್ನು ಸೇರುತ್ತದೆ. ಸ್ವರ್ಣೆ, ಸೀತೆ, ವಾರಾಹಿ, ಸೌಪರ್ಣಿಕೆ, ಶರಾವತಿ, ಅಘನಾಶಿನಿ, ಗಂಗಾವಳಿ ಎಂದು ಮಂಗಳೂರಿನಿಂದ ಕಾರವಾರಕ್ಕೆ ಹೋಗುವವನು ದಾಟಬೇಕಾದ ಹೊಳೆಗಳನ್ನು ಎಣಿಸಿದರೇ ಸಾಕು, ಅಲ್ಲಿ ಕಂಬಿ ಹಾಸುವ ಕೆಲಸದ ತೂಕ ತಿಳಿಯುತ್ತದೆ. ಇದರೊಂದಿಗೆ, ವರ್ಷದ ನಾಲ್ಕು ತಿಂಗಳು ಬಿಡದೆ ಹೊಯ್ಯುವ ಮಳೆ.

ಈ ಯೋಜನೆ ಕಾಗದದಿಂದ ನೆಲಕ್ಕೆ ಇಳಿದದ್ದು ೧೯೮೯–೯೦ರಲ್ಲಿ. ಆಗ ದೆಹಲಿಯಲ್ಲಿ ಮೂರು ಅಧಿಕಾರಸ್ಥಾನಗಳಲ್ಲಿ ಕರಾವಳಿಯ ನೆಂಟುಳ್ಳ ಮೂವರು ಏಕಕಾಲದಲ್ಲಿ ಕುಳಿತಿದ್ದರು. ರೈಲ್ವೆ ಮಂತ್ರಿಗಳು ಮಂಗಳೂರಿನಲ್ಲಿ ಹುಟ್ಟಿದ ಜಾರ್ಜ್ ಫರ್ನಾಂಡಿಸರು. ಹಣಕಾಸಿನ ಮಂತ್ರಿಗಳು ಕೊಂಕಣದ ರಾಜಾಪುರವನ್ನು ಲೋಕಸಭೆಯಲ್ಲಿ ಪ್ರತಿನಿಧಿಸುತ್ತಿದ್ದ ಮಧು ದಂಡವತೆಯವರು. ಯೋಜನಾ ಆಯೋಗದ ಉಪಾಧ್ಯಕ್ಷರು ಉತ್ತರ ಕನ್ನಡದ ಸಿದ್ದಾಪುರ ಸೀಮೆಯ ರಾಮಕೃಷ್ಣ ಹೆಗಡೆಯವರು. ರೈಲ್ವೆಯ ಸಾಮಾನ್ಯ ಆಯವ್ಯಯದಿಂದ ಈ ಹಾದಿಯನ್ನು ಕಟ್ಟತೊಡಗಿದರೆ ಎಷ್ಟು ದಶಕಗಳು ಹಿಡಿಯುವುವೋ ತಿಳಿಯದಾದುದರಿಂದ, ಪ್ರತ್ಯೇಕವಾದ ಒಂದು ಸಂಸ್ಥೆಯನ್ನು ಸ್ಥಾಪಿಸಿ, ಸರ್ಕಾರಗಳ ಪಾಲುಹಣ ಸ್ವಲ್ಪ, ಸಾರ್ವಜನಿಕರಿಂದ ಸಾಲಪತ್ರಗಳ ಮೂಲಕ ಎತ್ತಿದ ಹಣ ಬಹಳ, ಹೀಗೆ ಕಟ್ಟುವುದೆಂದು ಗೊತ್ತಾಯಿತು. ೧೯೯೦ರ ಜುಲೈ ತಿಂಗಳಲ್ಲಿ ಕೊಂಕಣ ರೈಲ್ವೆ ಕಾರ್ಪೊರೇಷನ್ ಎಂಬ ಆ ಸಂಸ್ಥೆ ಹುಟ್ಟಿತು. ಪಾಲುಹಣದಲ್ಲಿ ಕೇಂದ್ರಕ್ಕೆ ನೂರಕ್ಕೆ ೫೧, ಮಹಾರಾಷ್ಟ್ರಕ್ಕೆ ೨೨, ಕರ್ನಾಟಕಕ್ಕೆ ೧೫, ಗೋವೆಗೂ ಕೇರಳಕ್ಕೂ ತಲಾ ೬. ಕೇರಳದ ನೆಲದಲ್ಲಿ ಈ ಹಾದಿಯ ಒಂದು ಗೇಣೂ ಇಲ್ಲ. ಆದರೂ ತನ್ನ ಜನರ ಪ್ರಯಾಣಕ್ಕೆ ಇದು ಹತ್ತಿರದ ದಾರಿಯಾಗುವುದೆಂದು ಆ ರಾಜ್ಯ ಪಾಲು ಹಾಕಿತು. ಸಂಸ್ಥೆಯ ಅಧ್ಯಕ್ಷರೂ ಆಡಳಿತಾಧಿಕಾರಿಗಳೂ ಆಗಿ ಆಗತಾನೇ ನಿವೃತ್ತರಾಗಿದ್ದ ಶ್ರೀಧರನ್ನರು ಬಂದರು.

ಮಹಾರಾಷ್ಟ್ರದ ರೋಹಾದಿಂದ ಮಂಗಳೂರಿನ ಬಳಿಯ ತೋಕೂರಿನವರೆಗೆ ಸುಮಾರು ೭೪೦ ಕಿಲೋಮೀಟರಿನ ಹಾದಿ. ಇದನ್ನು ಸುಮಾರು ನೂರು ನೂರು ಕಿಲೋಮೀಟರಿನ ಏಳು ಭಾಗಗಳನ್ನಾಗಿ ಮಾಡಿ, ಒಂದೊಂದಕ್ಕೂ ಒಬ್ಬ ಮುಖ್ಯ ಇಂಜಿನಿಯರರನ್ನು ನೇಮಿಸಿ, ಅವರು ಸ್ಥಳದಲ್ಲಿಯೇ ಇರತಕ್ಕದ್ದೆಂದೂ, ಸ್ಥಳದಲ್ಲಿಯೇ ತೀರ್ಮಾನ ಕೊಡತಕ್ಕದ್ದೆಂದೂ ಏರ್ಪಾಡಾಯಿತು. ನಮ್ಮ ರಾಜ್ಯದ ಪಾಲಿಗೆ ಬಂದ ಕಚೇರಿಗಳು ಕಾರವಾರ ಮತ್ತು ಉಡುಪಿಯವು. ಕಚೇರಿಗಳ ಗೋಡೆಯ ಮೇಲೆ ತಲೆಕೆಳಗಾಗಿ ಎಣಿಸುವ ಗಡಿಯಾರಗಳನ್ನು ತೂಗಹಾಕಿಸಿದ್ದರು. ಕಳೆದ ದಿನಗಳನ್ನು ಅವು ತೋರಿಸುತ್ತಿರಲಿಲ್ಲ. ಕೆಲಸ ಮುಗಿಸಲು ಇನ್ನೆಷ್ಟು ದಿನ ಉಳಿದಿದೆಯೆಂದು ತೋರಿಸುತ್ತಿದ್ದವು. ಒಂದು ಕಾಗದ ಮೇಜಿನಿಂದ ಮೇಜಿಗೆ ಹೋಗಲು ತಿಂಗಳು ಹಿಡಿಯುವ ಕಚೇರಿಗಳನ್ನು ಕಂಡ ನಮಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹಾದಿಯ ಲಕ್ಷಣವನ್ನು ಗೊತ್ತುಮಾಡುವಾಗ ಕೈಗೊಂಡ ಒಂದು ನಿರ್ಧಾರವನ್ನು ಇಲ್ಲಿ ಹೇಳತಕ್ಕದ್ದು. ಗುಡ್ಡದ ನಾಡಿನಲ್ಲಿ ಹಾದಿ ಮಾಡುವ ಕ್ರಮಗಳು ಎರಡು: ಗುಡ್ಡವನ್ನು ಬಳಸಿಕೊಂಡು ಏರುತ್ತ ಇಳಿಯುತ್ತ ಹೋಗುವುದೊಂದು, ಗುಡ್ಡವನ್ನು ಕೊರೆದು ನೆಟ್ಟಗೆ ಹೋಗುವುದಿನ್ನೊಂದು. ೧೯೭೯ರಲ್ಲಿ ಮುಗಿದ ಹಾಸನ–ಮಂಗಳೂರು ಹಾದಿಯಲ್ಲಿ ಸಕಲೇಶಪುರದಿಂದ ಘಟ್ಟವನ್ನಿಳಿಯುವ ಭಾಗ ೫೦ ಅಡಿಗೆ ಒಂದಡಿಯಂತೆ ಇಳಿಯುತ್ತದೆ. ಅಲ್ಲಿ ಗಾಡಿಗಳು ಮೆಲ್ಲಮೆಲ್ಲನೆ ಹೋಗಬೇಕು. ಕೊಂಕಣದ ಹಾದಿಯಲ್ಲಿ ೧೫೦ ಅಡಿಗೆ ಒಂದಡಿಗಿಂತ ಹೆಚ್ಚಿನ ಏರು ಇರಕೂಡದೆಂದೂ, ತಿರುವುಗಳು ವಿಶಾಲವಾಗಿರಬೇಕೆಂದೂ, ಗಂಟೆಗೆ ೧೬೦ ಕಿಲೋಮೀಟರಿನ ವೇಗಕ್ಕೆ ಅದು ಒಡಂಬಡಬೇಕೆಂದೂ ಗೊತ್ತುಮಾಡಿದರು. ಇದರ ಫಲವಾಗಿ ೯೦ಕ್ಕೂ ಹೆಚ್ಚು ಸುರಂಗಗಳನ್ನೂ, ಸಣ್ಣವು ದೊಡ್ಡವು ಸೇರಿ ಸುಮಾರು ೨,೦೦೦ ಸೇತುವೆಗಳನ್ನೂ ಕಟ್ಟಬೇಕಾಯಿತು. ರತ್ನಗಿರಿಯ ಸಮೀಪದ ಕರ್ಬುಡೆ ಸುರಂಗವೊಂದೇ ಆರೂವರೆ ಕಿಲೋಮೀಟರು ಉದ್ದ. ಅದೇ ಸೀಮೆಯ ಪನ್ವಲ್ ಹೊಳೆಯ ಕಣಿವೆಯನ್ನು ದಾಟುವ ಸೇತುವೆಯ ಎತ್ತರ ೬೪ ಮೀಟರು. ಅಷ್ಟು ಎತ್ತರಕ್ಕೆ ಕೆಳಗಿನಿಂದ ಆಸರೆ ಕಟ್ಟುವುದು ಅಸಾಧ್ಯವಾದುದರಿಂದ, ಸೇತುವೆಯ ಮೇಲ್ಭಾಗವನ್ನು ಕಣಿವೆಯ ದಡದಲ್ಲಿಯೇ ತುಂಡುತುಂಡಾಗಿ ಎರಕ ಹೊಯ್ದು, ಹಿಂದಿನಿಂದ ಜಾಕಿಗಳಿಂದ ತಳ್ಳುತ್ತ ಕಂಬದಿಂದ ಕಂಬಕ್ಕೆ ಸಾಗಿಸಿದರು. ಭಾರತದಲ್ಲಿ ಆ ಕ್ರಮ ಅದೇ ಮೊದಲು.

ನಮ್ಮ ರಾಜ್ಯದೊಳಗಿನ ದೊಡ್ಡ ಕೆಲಸ ಹೊನ್ನಾವರದಲ್ಲಿ ಶರಾವತಿಗೆ ಕಟ್ಟಿದ ಸೇತುವೆ. ಜೋಗದಲ್ಲಿ ಧುಮುಕಿ, ಗೇರುಸೊಪ್ಪೆಯ ಕಣಿವೆಯನ್ನು ಹಾದು ಬಂದ ನದಿ ಅಲ್ಲಿ ಸಮುದ್ರದ ತೋಳಿನಂತೆ ಹರಡಿಕೊಂಡಿದೆ. ಸೇತುವೆಯ ಉದ್ದ ಎರಡು ಕಿಲೋಮೀಟರಿಗೆ ಸ್ವಲ್ಪ ಮಿಕ್ಕು. ಕೊಂಕಣದ ಹಾದಿಯಲ್ಲೆಲ್ಲ ಉದ್ದವಾದುದು ಇದೇ. ಯೌವನದಲ್ಲಿ ೪೬ ದಿನ ಹೆಣಗಿದ ಪಾಂಬನ್ ಸೇತುವೆಯ ಉದ್ದವೂ ಹೆಚ್ಚುಕಡಿಮೆ ಇಷ್ಟೇ.

ಭೂಮಿಯ ವಿಷಯವೂ ಸಾಮಾನ್ಯವಾದುದಲ್ಲ. ೪೦,೦೦೦ಕ್ಕೂ ಮಿಕ್ಕ ಹಿಡುವಳಿದಾರರಿಂದ ಜಾಗ ಪಡೆಯಬೇಕಾಗಿತ್ತು. ಕರಾವಳಿಯಲ್ಲಿ ಒಬ್ಬೊಬ್ಬನ ಹಿಡುವಳಿಯೂ ಸಣ್ಣದು. ಹತ್ತು ತೆಂಗಿನ ಮರ, ಒಂದು ಬಾವಿ, ಒಂದು ತುಳಸೀಕಟ್ಟೆ, ಎರಡು ಗದ್ದೆ. ಅದು ಹೋದರೆ ಅವನಿಗೆ ಹೋಗುವುದು ಬರಿಯ ಮಣ್ಣಲ್ಲ. ಸಂಸ್ಥೆಯವರು ಹಳ್ಳಿಹಳ್ಳಿಗೆ ಹೋಗಿ ಮಾತುಕತೆಯಾಡಿ, ಪರಿಹಾರವನ್ನು ಬೇಗನೆ ಕೊಡಿಸಿದರೆಂಬ ಕೀರ್ತಿ ಇದೆ. ಮಂಗಳೂರಿನಿಂದ ಉಡುಪಿಯವರೆಗಿನ ಭಾಗ ೧೯೯೩ರ ಮಾರ್ಚಿ ೨೦ರಂದೇ ತೆರೆಯಿತು.

ಇಷ್ಟನ್ನು ಹೇಳಿ ನಿಲ್ಲಿಸಿದರೆ ಇದು ಸ್ತೋತ್ರವಾದೀತು, ಚರಿತ್ರೆಯಾಗಲಾರದು. ಐದು ವರ್ಷಗಳಲ್ಲಿ ಮುಗಿಸಬೇಕೆಂದು ಆರಂಭಿಸಿದ ಕಾರ್ಯಕ್ಕೆ ಏಳು ವರ್ಷಗಳಿಗೂ ಮಿಕ್ಕು ಹಿಡಿಯಿತು. ಗೋವೆಯಲ್ಲಿ ಹಾದಿಯ ಜಾಡಿನ ಬಗ್ಗೆ ತೀವ್ರವಾದ ವಿರೋಧ ಎದ್ದಿತು. ತಗ್ಗಿನ ಗದ್ದೆಗಳಿಗೂ ಹಳೆಯ ಊರುಗಳಿಗೂ ಕೇಡಾಗುವುದೆಂದು ವಿರೋಧಿಗಳ ವಾದ. ೧೯೯೩ರಲ್ಲಿ ಅಲ್ಲಿ ಕೆಲಸ ನಿಂತು, ನ್ಯಾಯಮೂರ್ತಿಗಳ ವಿಚಾರಣೆ ನಡೆಯಿತು. ಮನುಷ್ಯರ ವಿರೋಧಕ್ಕಿಂತ ಕಠಿನವಾದುದು ಮಣ್ಣಿನ ವಿರೋಧ. ಕರಿಗಲ್ಲನ್ನು ಕೊರೆಯಲು ಸ್ವೀಡನ್ ದೇಶದಿಂದ ಯಂತ್ರಗಳು ಬಂದಿದ್ದವು. ಆದರೆ ಕೆಲವು ಗುಡ್ಡಗಳ ಹೊಟ್ಟೆಯಲ್ಲಿ ಕಲ್ಲೇ ಇರಲಿಲ್ಲ, ನೀರು ಕುಡಿದು ಮೆದುವಾದ ಜೇಡಿಯಿತ್ತು. ಒಂದು ಮೊಳ ಅಗೆದರೆ ಎರಡು ಮೊಳ ಕುಸಿಯುವುದು. ಉಕ್ಕಿನ ಕಮಾನುಗಳನ್ನು ಒತ್ತೊತ್ತಾಗಿ ನಿಲ್ಲಿಸಿ, ಗಾರೆ ಹಾಕಿ, ಅಂಗುಲ ಅಂಗುಲವಾಗಿ ಮುಂದುವರಿಯಬೇಕು. ಗೋವೆಯ ಪೆಡ್ಣೆಯ ಸುರಂಗ ಒಂದೂವರೆ ಕಿಲೋಮೀಟರಿಗೆ ಸ್ವಲ್ಪ ಹೆಚ್ಚು ಅಷ್ಟೆ. ಆರೂವರೆ ಕಿಲೋಮೀಟರಿನ ಕರ್ಬುಡೆ ಮುಗಿದ ಮೇಲೂ ಅದು ಮುಗಿಯಲಿಲ್ಲ. ಗೋಡೆಯ ಮೇಲಿನ ಗಡಿಯಾರ ಶೂನ್ಯವನ್ನು ತೋರಿಸಿದರೂ ಗುಡ್ಡ ಅದನ್ನು ಲಕ್ಷಿಸಲಿಲ್ಲ.

ಕೆಲಸದಲ್ಲಿ ೭೪ ಮಂದಿ ಪ್ರಾಣ ತೆತ್ತರು. ರತ್ನಗಿರಿಯ ಸ್ಟೇಷನ್ನಿನಲ್ಲಿ ಅವರಿಗಾಗಿ ಒಂದು ಸ್ಮಾರಕವಿದೆ. ಶತಮಾನದ ಹಿಂದೆ ನಮ್ಮ ಬಯಲುಸೀಮೆಯ ಹಾದಿಗಳಲ್ಲಿ ಮಣ್ಣು ಹೊತ್ತವರ ಹೆಸರುಗಳು ನಮಗೆ ಉಳಿದಿಲ್ಲ. ಬೆಂಗಳೂರು–ಮೈಸೂರು ಹಾದಿಯನ್ನು ೧೮೭೭ರ ಭೀಕರ ಕ್ಷಾಮದ ದಿನಗಳಲ್ಲಿ ಹೊಟ್ಟೆಗಿಲ್ಲದ ಜನ ಅಗೆದರೆಂದು ಚರಿತ್ರೆ ಹೇಳುತ್ತದೆ, ಆದರೆ ಅವರು ಯಾರೆಂದು ಹೇಳುವುದಿಲ್ಲ. ಕೊಂಕಣದಲ್ಲಿ ಸತ್ತವರಿಗೆ ಅಷ್ಟಾದರೂ ಗೌರವ ಸಂದಿತು. ರತ್ನಗಿರಿಯ ಮೇಲೆ ಹಾದುಹೋಗುವ ನಮ್ಮವರು ಗಾಡಿ ನಿಂತಾಗ ಒಂದು ಕ್ಷಣ ಅವರನ್ನು ಸ್ಮರಿಸುವುದು ಧರ್ಮ.

ಕೊನೆಗೆ ೧೯೯೮ರ ಜನವರಿ ೨೬ರಂದು ಹಾದಿಯ ಉದ್ದಕ್ಕೂ ಗಾಡಿ ಓಡಿತು. ಅದೇ ವರ್ಷದ ಮೇ ೧ರಂದು ಪ್ರಧಾನಿ ಅಟಲ್ ಬಿಹಾರಿ ವಾಜಪೇಯಿಯವರು ರತ್ನಗಿರಿಯಲ್ಲಿ ಅದನ್ನು ದೇಶಕ್ಕೆ ಅರ್ಪಿಸಿದರು. ಮಂಗಳೂರಿನಿಂದ ಮುಂಬಯಿಗೆ ಹೋಗತಕ್ಕವರು ಅದುವರೆಗೆ ಘಟ್ಟದ ಮೇಲಕ್ಕೆ ಹತ್ತಿ, ಇಲ್ಲವೇ ಮದ್ರಾಸಿನ ಕಡೆಗೆ ಸುತ್ತಿ, ಹೋಗುತ್ತಿದ್ದರು. ಇನ್ನು ಸಂಜೆ ಹತ್ತಿದವರು ಮರುದಿನ ಬೆಳಗ್ಗೆ ಮುಂಬಯಿಯ ಹೊರವಲಯದಲ್ಲಿ ಇಳಿಯುವಂತಾಯಿತು. ಮುಂಬಯಿಯ ಹೋಟೆಲುಗಳಲ್ಲಿ ದುಡಿಯುತ್ತ ವರ್ಷಕ್ಕೊಮ್ಮೆ ಊರಿಗೆ ಬರುತ್ತಿದ್ದ ಉಡುಪಿ ಕುಂದಾಪುರದ ಹುಡುಗರಿಗೆ ತಾಯಿಯ ಮನೆ ಒಂದು ರಾತ್ರಿಯಷ್ಟು ದೂರದಲ್ಲಿ ನಿಂತಿತು.

ಶ್ರೀಧರನ್ನರು ಅಷ್ಟರಲ್ಲಿ ಇನ್ನೊಂದು ಭಾರವನ್ನು ಹೊತ್ತಿದ್ದರು. ೧೯೯೭ರ ನವೆಂಬರಿನಲ್ಲಿ, ಅರುವತ್ತೈದನೆಯ ವಯಸ್ಸಿನಲ್ಲಿ, ದೆಹಲಿಯ ಮೆಟ್ರೊ ರೈಲಿನ ಆಡಳಿತವನ್ನು ವಹಿಸಿಕೊಂಡರು. ಅದರ ಮೊದಲ ಭಾಗ ೨೦೦೨ರ ಡಿಸೆಂಬರಿನಲ್ಲಿ ತೆರೆಯಿತು. ಮೊದಲ ಹಂತದ ೬೫ ಕಿಲೋಮೀಟರುಗಳು ಗೊತ್ತುಮಾಡಿದ ಅವಧಿಗೆ ಸುಮಾರು ಮೂರು ವರ್ಷ ಮುಂಚಿತವಾಗಿ ೨೦೦೫ರಲ್ಲಿಯೇ ಪೂರ್ತಿಯಾದವು. ೨೦೦೧ರಲ್ಲಿ ಪದ್ಮಶ್ರೀ, ೨೦೦೮ರಲ್ಲಿ ಪದ್ಮವಿಭೂಷಣ ಪ್ರಶಸ್ತಿಗಳು ಬಂದವು. ಬೆಂಗಳೂರಿನ ಮೆಟ್ರೊ ಯೋಜನೆಯ ವಿವರವಾದ ವರದಿಯನ್ನು ಮೊದಲಿಗೆ ಸಿದ್ಧಪಡಿಸಿದ್ದೂ ದೆಹಲಿಯ ಅದೇ ಸಂಸ್ಥೆ. ೨೦೧೧ರ ಅಕ್ಟೋಬರಿನಲ್ಲಿ ನಮ್ಮ ರಾಜಧಾನಿಯಲ್ಲಿ ಆ ರೈಲು ಓಡತೊಡಗಿತು. ಅದೇ ವರ್ಷದ ಕೊನೆಗೆ ಶ್ರೀಧರನ್ನರು ದೆಹಲಿಯ ಹುದ್ದೆಯನ್ನು ಬಿಟ್ಟರು.

ಪ್ರಶಸ್ತಿಗಳಿಗಿಂತ ಹೆಚ್ಚಾಗಿ ನೆನೆಯತಕ್ಕ ಸಂಗತಿ ೨೦೦೯ರ ಜುಲೈ ೧೨ರದು. ಅಂದು ಬೆಳಗಿನ ಜಾವ ದೆಹಲಿಯ ಜಮ್ರುದ್‌ಪುರದಲ್ಲಿ ಕಟ್ಟುತ್ತಿದ್ದ ಮೆಟ್ರೊ ಸೇತುವೆಯ ಭಾಗ ಕುಸಿದು ಕೆಲಸಗಾರರು ಮೃತರಾದರು. ವಿಚಾರಣೆ ನಡೆದು ತಪ್ಪು ಯಾರದೆಂದು ಗೊತ್ತಾಗುವ ಮೊದಲೇ, ಅಂದಿನ ದಿನವೇ, ಶ್ರೀಧರನ್ನರು ನೈತಿಕವಾದ ಹೊಣೆ ತಮ್ಮದೆಂದು ರಾಜೀನಾಮೆಯನ್ನು ಕೊಟ್ಟರು. ಸರ್ಕಾರ ಅದನ್ನು ಅಂಗೀಕರಿಸದೆ ಅವರನ್ನು ಉಳಿಸಿಕೊಂಡಿತು. ಕೆಲಸ ಮುಗಿದ ದಿನ ಹಾರ ಹಾಕಿಸಿಕೊಳ್ಳಲು ಎಲ್ಲರೂ ಮುಂದೆ ಬರುತ್ತಾರೆ. ಕುಸಿದ ದಿನ ಮುಂದೆ ಬಂದವನೇ ಯಜಮಾನ.

ಹಾಗಾದರೆ ಅವರು ಬಿಟ್ಟುಹೋದ ಬಳುವಳಿ ಯಾವುದು? ಕರಾವಳಿಯ ಹಾದಿ ಅದರ ಒಂದು ಭಾಗ. ಆದರೆ ಆ ಹಾದಿಯೇ ನಮಗೆ ಒಂದು ಎಚ್ಚರಿಕೆಯನ್ನೂ ಕೊಟ್ಟಿದೆ. ನೆಟ್ಟಗೆ ಹೋಗಬೇಕೆಂದು ಗುಡ್ಡಗಳನ್ನು ಕಡಿದ ಜಾಗಗಳಲ್ಲಿ ಮುರಕಲ್ಲಿನ ಗೋಡೆಗಳು ಎತ್ತರವಾಗಿ ನಿಂತವು. ಅಲ್ಲಿ ಮಳೆಗಾಲದಲ್ಲಿ ಮಣ್ಣು ಜಾರತೊಡಗಿತು, ಬಂಡೆಗಳು ಉರುಳತೊಡಗಿದವು. ಶ್ರೀಧರನ್ನರು ಆ ಸಂಸ್ಥೆಯನ್ನು ಬಿಟ್ಟು ಕೆಲವು ವರ್ಷಗಳಾದ ಮೇಲೆ, ೨೦೦೩ರ ಜೂನ್ ೨೨ರ ರಾತ್ರಿ, ಕಾರವಾರದಿಂದ ಮುಂಬಯಿಗೆ ಹೊರಟಿದ್ದ ಗಾಡಿ ವೈಭವವಾಡಿಯ ಸಮೀಪ ಬಿದ್ದ ಬಂಡೆಗಳಿಗೆ ಸಿಕ್ಕಿ ೫೧ ಜನ ಮಡಿದರು. ಮರುವರ್ಷ ಜೂನಿನಲ್ಲಿ ಮಂಗಳೂರಿನಿಂದ ಹೋಗುತ್ತಿದ್ದ ಮತ್ಸ್ಯಗಂಧಾ ಗಾಡಿಗೂ ಕರಂಜಾಡಿಯ ಬಳಿ ಅದೇ ತೆರದ ಗತಿಯಾಗಿ ಮತ್ತೆ ಪ್ರಾಣಹಾನಿಯಾಯಿತು. ಆ ಬಳಿಕ ಗುಡ್ಡದ ಇಳಿಜಾರುಗಳನ್ನು ಇನ್ನಷ್ಟು ಓರೆಯಾಗಿ ಕಡಿದು, ಬಂಡೆಗಳಿಗೆ ಉಕ್ಕಿನ ಬಲೆ ಹೊದಿಸಿ ಭದ್ರಪಡಿಸುತ್ತ ಬಂದಿದ್ದಾರೆ. ಮಳೆಗಾಲಕ್ಕೆ ಬೇರೆಯೇ ವೇಳಾಪಟ್ಟಿಯನ್ನು ಮಾಡಿ ಗಾಡಿಗಳ ವೇಗವನ್ನು ತಗ್ಗಿಸುತ್ತಾರೆ; ಹಗಲಿರುಳೂ ಕಾವಲುಗಾರರು ದೀಪ ಹಿಡಿದು ಕಂಬಿಯ ಮೇಲೆ ನಡೆಯುತ್ತಾರೆ. ಗಂಟೆಗೆ ೧೬೦ ಕಿಲೋಮೀಟರಿನ ವೇಗಕ್ಕೆಂದು ರಚಿಸಿದ ಹಾದಿಯನ್ನು ಜಡಿಮಳೆಯ ರಾತ್ರಿಯಲ್ಲಿ ಕಾಯುತ್ತಿರುವುದು ಗಂಟೆಗೆ ನಾಲ್ಕು ಕಿಲೋಮೀಟರು ನಡೆಯುವ ಮನುಷ್ಯ. ಕಟ್ಟಿದವರ ಕೆಲಸ ಒಂದು ದಿನ ಮುಗಿಯುತ್ತದೆ. ಕಾಯುವವರ ಕೆಲಸ ಮುಗಿಯುವುದಿಲ್ಲ.

ಆದಕಾರಣ, ವೇಗವೇ ಶ್ರೀಧರನ್ನರ ಬಳುವಳಿಯೆಂದು ಹೇಳುವವರು ಅವರನ್ನು ಅರ್ಧ ಮಾತ್ರ ತಿಳಿದವರು. ಕಾಲಪಾಲನೆ, ಪ್ರಾಮಾಣಿಕತೆ, ವೃತ್ತಿಯಲ್ಲಿ ಪ್ರಾವೀಣ್ಯ, ಸಮಾಜಕ್ಕೆ ಉತ್ತರ ಹೇಳುವ ಹೊಣೆ ಎಂದು ನಾಲ್ಕನ್ನು ಅವರು ತಮ್ಮ ಸಹೋದ್ಯೋಗಿಗಳ ಮುಂದೆ ಇಡುತ್ತಿದ್ದರು. ಈ ನಾಲ್ಕರಲ್ಲಿ ಮೊದಲನೆಯದನ್ನು ಮಾತ್ರ ಹಿಡಿದರೆ ಅವಸರವಾಗುತ್ತದೆ. ಕೊನೆಯದನ್ನು ಸೇರಿಸಿದಾಗ ಅದು ಧರ್ಮವಾಗುತ್ತದೆ. ಇಂಥ ದಿನಕ್ಕೆ ಮುಗಿಸುವೆನೆಂದು ಜನರಿಗೆ ಕೊಟ್ಟ ಮಾತು ಸಾಲದಂತೆ ತೀರಿಸತಕ್ಕದ್ದು. ತೀರಿಸಲಾಗದಿದ್ದರೆ ಕಾರಣವನ್ನು ಹೇಳತಕ್ಕದ್ದು. ನಷ್ಟವಾದರೆ ಹೊಣೆಯನ್ನು ಒಪ್ಪತಕ್ಕದ್ದು. ಇದಕ್ಕೆ ಇಂಜಿನಿಯರಿಂಗ್ ಕಾಲೇಜಿನ ಪದವಿ ಬೇಕಿಲ್ಲ. ಊರ ಕೆರೆಯ ತೂಬನ್ನು ದುರಸ್ತು ಮಾಡಿಸುವ ಪಂಚಾಯಿತಿಗೂ ಇದು ಸಲ್ಲುತ್ತದೆ.

ನಮ್ಮ ಸೀಮೆಗೇ ಹಿಂದಿರುಗಿ ನೋಡೋಣ. ಕಡೂರಿಗೆ ೧೮೮೯ರ ವೇಳೆಗೆ ರೈಲು ಬಂದರೂ, ಅಲ್ಲಿಂದ ನಮ್ಮ ಜಿಲ್ಲೆಯ ಮುಖ್ಯಪಟ್ಟಣವಾದ ಚಿಕ್ಕಮಗಳೂರಿಗೆ ೪೬ ಕಿಲೋಮೀಟರಿನ ಹಾದಿ ಮುಗಿದು ಗಾಡಿ ಓಡಿದ್ದು ೨೦೧೩ರ ನವೆಂಬರಿನಲ್ಲಿ. ಅದರ ನಡುವೆ ಹೊನ್ನಾವರದ ಶರಾವತಿಯೂ ಇಲ್ಲ, ಪೆಡ್ಣೆಯ ಜೇಡಿಯೂ ಇಲ್ಲ. ಕಾಫಿಯ ನಾಡು ಒಂದು ಗಾಡಿಗಾಗಿ ನೂರ ಇಪ್ಪತ್ತಕ್ಕೂ ಹೆಚ್ಚು ವರ್ಷ ಕಾದದ್ದು ನೆಲದ ದೋಷದಿಂದಲ್ಲ. ಚಿಕ್ಕಮಗಳೂರಿನಿಂದ ಬೇಲೂರಿನ ಮೇಲೆ ಹಾಸನದ ಕಡೆಗೆ ಹಾದಿಯನ್ನು ಮುಂದುವರಿಸುವ ಕಾರ್ಯವನ್ನೂ ಕೈಗೊಂಡಿದ್ದಾರೆ. ಅದರ ಕಚೇರಿಯ ಗೋಡೆಯ ಮೇಲೆ ತಲೆಕೆಳಗಾಗಿ ಎಣಿಸುವ ಗಡಿಯಾರವೊಂದನ್ನು ತೂಗಹಾಕಬೇಕೆಂದು ಕೇ‍ಳುವ ಹಕ್ಕು ಕಡೂರಿನ ಸ್ಟೇಷನ್ನಿನಲ್ಲಿ ಟಿಕೇಟು ಕೊಳ್ಳುವ ಪ್ರತಿಯೊಬ್ಬನಿಗೂ ಇದೆ. ಜೊತೆಗೇ, ಮಳೆಯಲ್ಲಿ ದೀಪ ಹಿಡಿದು ಕಂಬಿಯ ಮೇಲೆ ನಡೆಯುವವನನ್ನು ಮರೆಯದಿರುವ ಕರ್ತವ್ಯವೂ ಇದೆ.